ಸ್ನಾಯು ಬಿಗಿತ ಮತ್ತು ಹಳೆಯ ನೋವು: ಕೈಚಿಕಿತ್ಸೆ, ವ್ಯಾಯಾಮ, ವ್ರತನಿಯಮ – ಕೆ.ಜಿ.ಎಫ್., ಬಂಗಾರಪೇಟೆಯ ಹಿನ್ನೆಲೆಯಲ್ಲಿ

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಸುಮಾರು 16 ಕಿಲೋಮೀಟರ್ ರೈಲು ಹಳಿ ಇದೆ. ಈ ಹಳಿಯ ಆಸುಪಾಸಿನಲ್ಲಿ ಬದುಕುವ ಜನರ ಮೈನೋವುಗಳು ಮುಖ್ಯವಾಗಿ ಅವರವರ ಕೆಲಸದಿಂದ ಬಂದವು. ಗಣಿಯಲ್ಲಿ ದುಡಿದವರ ಸೊಂಟ ಮತ್ತು ಭುಜ, ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ನಿಂತೇ ಹೋಗಿ ರಾತ್ರಿ ನಿಂತೇ ಮರಳುವವರ ಕುತ್ತಿಗೆ ಮತ್ತು ಮೀನಖಂಡ, ರಾಬರ್ಟ್‌ಸನ್‌ಪೇಟೆ ಹಾಗೂ ಬಂಗಾರಪೇಟೆ ಪೇಟೆಬೀದಿಯ ಬಟ್ಟೆ, ಚಿನ್ನ-ಬೆಳ್ಳಿ, ಗಿರವಿ ಅಂಗಡಿಗಳಲ್ಲಿ ಗಾದಿಯ ಮೇಲೆ ಕಾಲು ಮಡಚಿ ದಿನವಿಡೀ ಕುಳಿತವರ ಬೆನ್ನು ಮತ್ತು ಮಂಡಿ. ಮೂರನೆಯ ಗುಂಪಿನಲ್ಲಿ ನಮ್ಮ ಸಮಾಜದವರೇ ಹೆಚ್ಚು. ರಾಜಸ್ಥಾನದಿಂದ ಬಂದು ಇಲ್ಲಿ ನೆಲೆನಿಂತ ಶ್ವೇತಾಂಬರ ಕುಟುಂಬಗಳ ಎರಡು-ಮೂರು ತಲೆಮಾರು ಇದೇ ಗಾದಿಯ ಮೇಲೆ ಕುಳಿತು ವ್ಯಾಪಾರ ಮಾಡಿದೆ.

ಈ ನೋವುಗಳಿಗೆ ಸಾಮಾನ್ಯವಾಗಿ ನಡೆಯುವ ಉಪಚಾರ ಒಂದೇ: ಔಷಧಿ ಅಂಗಡಿಯಿಂದ ನೋವಿನ ಮಾತ್ರೆ, ಒಂದು ಟ್ಯೂಬ್ ಮುಲಾಮು, ಹೆಚ್ಚೆಂದರೆ ಸೊಂಟಕ್ಕೊಂದು ಬೆಲ್ಟ್. ವರ್ಷಗಟ್ಟಲೆ ಹೀಗೆ ನಡೆಯುತ್ತದೆ. ಉಪವಾಸ, ಆಯಂಬಿಲ್, ಚೌವಿಹಾರ ಪಾಲಿಸುವ ಮನೆಗಳಲ್ಲಿ ಇದರ ಅಪಾಯ ಬೇರೆಯವರಿಗಿಂತ ಒಂದು ಕೈ ಹೆಚ್ಚು. ಅದೇ ಮನೆಗಳಿಗೆ ಕೈಚಿಕಿತ್ಸೆ ಮತ್ತು ವ್ಯಾಯಾಮದ ದಾರಿ ಉಳಿದೆಲ್ಲಕ್ಕಿಂತ ಚೆನ್ನಾಗಿ ಒಗ್ಗುತ್ತದೆ. ಅದು ಏಕೆ, ಹೇಗೆ, ಎಲ್ಲಿ ಎಚ್ಚರ ಬೇಕು ಎಂಬ ವಿವರ ಮುಂದಿದೆ.

ಗಣಿ, ರೈಲು, ಗಾದಿ

1880ರಲ್ಲಿ ಜಾನ್ ಟೇಲರ್ ಆ್ಯಂಡ್ ಸನ್ಸ್ ಕಂಪನಿ ಕೈಹಾಕಿದ ಮೇಲೆ ಇಲ್ಲಿ ಆಧುನಿಕ ಗಣಿಗಾರಿಕೆ ಬೆಳೆಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು. ಆಗ ಮೂವತ್ತರ ಆಸುಪಾಸಿನಲ್ಲಿದ್ದ ಕಾರ್ಮಿಕರು ಈಗ ಅರವತ್ತರ ಹತ್ತಿರ ಇದ್ದಾರೆ. ಬಗ್ಗಿದ ಸುರಂಗದಲ್ಲಿ ಭಾರ ಎತ್ತಿದ ಬೆನ್ನು, ಬಂಡೆ ಕೊರೆಯುವ ಯಂತ್ರವನ್ನು ಹಿಡಿದ ಕೈ ಇವರ ಪಾಲಿಗೆ ಉಳಿದಿವೆ. ಅದುರುವ ಯಂತ್ರವನ್ನು ವರ್ಷಗಟ್ಟಲೆ ಹಿಡಿದವರಿಗೆ ಬೆರಳು ಮರಗಟ್ಟುವುದು, ಚಳಿಯಲ್ಲಿ ಬೆರಳು ಬಿಳಿಚಿಕೊಳ್ಳುವುದು, ಹಿಡಿತ ಸಡಿಲವಾಗುವುದು ಉಂಟು. ಇದು ಬರಿಯ ಸ್ನಾಯುಬಿಗಿತವಲ್ಲ, ನರ ಮತ್ತು ರಕ್ತನಾಳದ ತೊಂದರೆ. ಎಣ್ಣೆ ತಿಕ್ಕಿದರೆ ಹೋಗುವುದಿಲ್ಲ.

ಗಣಿ ಮುಚ್ಚಿದ ಮೇಲೆ ಊರಿನ ದುಡಿಮೆ ರೈಲು ಹತ್ತಿತು. ಬಂಗಾರಪೇಟೆಯಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಮಾರಿಕುಪ್ಪಂ ಕಡೆಯಿಂದ ಬರುವವರಿಗೆ ಇನ್ನೂ ದೂರ. ಹೆಗಲಿಗೊಂದು ಬ್ಯಾಗು, ಒಂದು ಕೈ ಮೇಲಿನ ಹಿಡಿಗೆ, ಇನ್ನೊಂದು ಕೈಯಲ್ಲಿ ಮೊಬೈಲು, ತಲೆ ಮುಂದಕ್ಕೆ ಬಾಗಿ ಎರಡು ಗಂಟೆ. ಕುತ್ತಿಗೆಯ ಹಿಂಬದಿಯ ಸ್ನಾಯುಗಳಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಗಾದಿಯ ಕಥೆ ಬೇರೆ. ಕಾಲು ಮಡಚಿ ಕೂರುವುದು ಕೆಟ್ಟದ್ದೇನಲ್ಲ. ನೆಲದ ಮೇಲೆ ಕೂತು ಏಳುವ ಅಭ್ಯಾಸ ಸೊಂಟದ ಕೀಲನ್ನು ಸಡಿಲವಾಗಿಡುತ್ತದೆ. ತೊಂದರೆ ಇರುವುದು ಏಳದೇ ಇರುವುದರಲ್ಲಿ. ಬೆಳಿಗ್ಗೆ ಹತ್ತಕ್ಕೆ ಕುಳಿತವರು ಊಟದ ಹೊತ್ತಿಗೆ ಏಳುತ್ತಾರೆ. ನಡುವೆ ತಕ್ಕಡಿಯ ಮೇಲೆ, ಖಾತೆಪುಸ್ತಕದ ಮೇಲೆ ಬಗ್ಗಿರುತ್ತಾರೆ, ಯಾವಾಗಲೂ ಒಂದೇ ಕಡೆಗೆ ವಾಲಿರುತ್ತಾರೆ. ಮನೆಯೊಳಗೆ ಖಾಖ್ರಾ, ಹಪ್ಪಳ ಲಟ್ಟಿಸುವ ಹೆಂಗಸರ ಹೆಗಲು ಮತ್ತು ಮಣಿಕಟ್ಟಿನ ನೋವಿಗೂ ಇದೇ ಕಾರಣ. ಅವರ ನೋವನ್ನು ಮನೆಯವರು ಕೇಳುವುದು ತಡವಾಗಿ.

ಹಳೆಯ ನೋವು ಎಂದರೇನು

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ಅಥವಾ ಮತ್ತೆ ಮತ್ತೆ ಬರುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಸ್ನಾಯು ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಅರೆಬಿಗಿಯಾಗಿದ್ದರೆ ಅಲ್ಲಿ ಒತ್ತಿದರೆ ನೋಯುವ ಗಂಟಿನಂಥ ಜಾಗಗಳು ಹುಟ್ಟುತ್ತವೆ. ಇವುಗಳಿಗೆ ಟ್ರಿಗರ್ ಪಾಯಿಂಟ್ ಎಂಬ ಹೆಸರು. ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್ ಮತ್ತು ಡೇವಿಡ್ ಸೈಮನ್ಸ್ 1983ರಲ್ಲಿ ಹೊರತಂದ ಕೈಪಿಡಿಯಿಂದ ಈ ಹೆಸರು ಎಲ್ಲೆಡೆ ಹಬ್ಬಿತು. ಟ್ರಾವೆಲ್ ಅಧ್ಯಕ್ಷ ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ಮಾಡಿದವರು. ಈ ಗಂಟಿನ ವಿಶೇಷವೆಂದರೆ ನೋವು ಬೇರೆ ಕಡೆ ಕಾಣಿಸಿಕೊಳ್ಳುವುದು. ಹೆಗಲಿನ ಮೇಲಿನ ಸ್ನಾಯುವಿನ ಗಂಟು ಕಣತಲೆಯ ತಲೆನೋವಾಗಿ ಬರುತ್ತದೆ. ಪಿರ್ರೆಯ ಆಳದ ಸ್ನಾಯುವಿನ ಗಂಟು ಕಾಲಿಗಿಳಿದು ಸಯಾಟಿಕಾದಂತೆ ತೋರುತ್ತದೆ. ನೋಯುವ ಜಾಗವನ್ನಷ್ಟೇ ತಿಕ್ಕುವವರಿಗೆ ಗುಣ ಕಾಣದಿರುವುದು ಹಲವು ಬಾರಿ ಇದರಿಂದಲೇ.

ನೋವು ಹಳತಾದಂತೆ ಇನ್ನೊಂದು ಬದಲಾವಣೆ ಆಗುತ್ತದೆ. ಮಿದುಳು ಮತ್ತು ಬೆನ್ನುಹುರಿ ಆ ಭಾಗದ ಸುದ್ದಿಗೆ ಅತಿಯಾಗಿ ಸ್ಪಂದಿಸತೊಡಗುತ್ತವೆ. ಮೂಲ ಗಾಯ ಮಾಯ್ದಿದ್ದರೂ ಸಣ್ಣ ಅಲುಗಾಟವೇ ನೋವಾಗಿ ಕೇಳಿಸುತ್ತದೆ. ನಿದ್ದೆಗೇಡು, ವ್ಯಾಪಾರದ ಚಿಂತೆ, ಮನೆಯ ದುಃಖ ಇದನ್ನು ಏರಿಸುತ್ತವೆ. ಹಾಗೆಂದರೆ ನೋವು ಸುಳ್ಳು ಎಂದರ್ಥವಲ್ಲ. ಅಪ್ಪ-ಅಮ್ಮನಿಗೆ “ಎಲ್ಲ ಮನಸ್ಸಿನ ಭ್ರಮೆ” ಎಂದು ಹೇಳುವ ಮಕ್ಕಳು ಇದನ್ನು ಗಮನಿಸಬೇಕು.

ಎಂ.ಆರ್.ಐ. ವರದಿಯ ಬಗ್ಗೆ ಒಂದು ಮಾತು. “ಡಿಸ್ಕ್ ಸವೆದಿದೆ” ಎಂಬ ಸಾಲು ಓದಿ ಹೆದರಿ ಹಾಸಿಗೆ ಹಿಡಿದವರಿದ್ದಾರೆ. ನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಅವಲೋಕನದಲ್ಲಿ 20ರ ವಯಸ್ಸಿನವರಲ್ಲಿ ಶೇ. 37, 80ರ ವಯಸ್ಸಿನವರಲ್ಲಿ ಶೇ. 96 ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. ಕೂದಲು ನರೆತಂತೆ ಅದೂ ಒಂದು ವಯಸ್ಸಿನ ಗುರುತು. ವರದಿಯನ್ನು ದೇಹಪರೀಕ್ಷೆಯ ಜೊತೆ ಇಟ್ಟು ಓದುವ ವೈದ್ಯರು ಬೇಕು.

ಕೈಚಿಕಿತ್ಸೆ ಏನು ಮಾಡುತ್ತದೆ

ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಕೈಯಿಂದ ಮಾಡುವ ಕೆಲಸ ಹಲವು ಬಗೆಯದು. ಗಂಟಿನ ಮೇಲೆ ಅರ್ಧ ನಿಮಿಷದಿಂದ ಒಂದೂವರೆ ನಿಮಿಷ ಹದವಾಗಿ ಒತ್ತಿ ಹಿಡಿಯುವುದು ಒಂದು. ಕೀಲನ್ನು ಮೆಲ್ಲಗೆ ತೂಗುವಂತೆ ಆಡಿಸಿ ಸಡಿಲಿಸುವುದು ಇನ್ನೊಂದು. ಮೂರನೆಯದು ಬಹಳ ಉಪಯುಕ್ತ, ಆದರೆ ಜನಕ್ಕೆ ಅಷ್ಟು ಗೊತ್ತಿಲ್ಲ: ಬಿಗಿದ ಸ್ನಾಯುವನ್ನು ರೋಗಿಯೇ ಚಿಕಿತ್ಸಕರ ಕೈಗೆ ಎದುರಾಗಿ ಐದರಿಂದ ಹತ್ತು ಸೆಕೆಂಡು ಮೆಲ್ಲಗೆ ಒತ್ತಬೇಕು, ಉಸಿರು ಬಿಡುತ್ತ ಸಡಿಲಿಸಬೇಕು, ಆ ಸಡಿಲದಲ್ಲಿ ಸ್ನಾಯುವನ್ನು ಸ್ವಲ್ಪ ಉದ್ದಕ್ಕೆ ಎಳೆಯಲಾಗುತ್ತದೆ. ಮೂರು-ನಾಲ್ಕು ಸಲ ಹೀಗೆ ಮಾಡಿದರೆ ತಿರುಗದ ಕುತ್ತಿಗೆ ತಿರುಗುತ್ತದೆ. ಒತ್ತಡ “ಹಿತವಾದ ನೋವು” ಅನ್ನಿಸುವಷ್ಟೇ ಇರಬೇಕು. ಹಲ್ಲು ಕಚ್ಚಿ ಸಹಿಸುವಂತೆ ತಿಕ್ಕಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ, ಮಾರನೆಯ ದಿನ ಮೈ ಎತ್ತಲಾಗದು.

ಕೈಚಿಕಿತ್ಸೆ ಗಂಟನ್ನು “ಒಡೆಯುತ್ತದೆ”, ಜಾರಿದ ಮೂಳೆಯನ್ನು “ಕೂರಿಸುತ್ತದೆ” ಎಂಬ ನಂಬಿಕೆ ಹಳೆಯದು. ನಿಜದಲ್ಲಿ ಅದು ನರವ್ಯೂಹಕ್ಕೆ ಬೇರೆ ಸುದ್ದಿ ಕಳಿಸಿ ನೋವಿನ ಸದ್ದನ್ನು ಸ್ವಲ್ಪ ಕಾಲ ತಗ್ಗಿಸುತ್ತದೆ. ಆ ಬಿಡುವು ಕೆಲವು ಗಂಟೆಗಳದ್ದೋ ಕೆಲವು ದಿನಗಳದ್ದೋ ಆಗಿರುತ್ತದೆ. ಆ ಬಿಡುವಿನಲ್ಲಿ ವ್ಯಾಯಾಮ ಶುರುಮಾಡಿದವರು ಗುಣ ಕಾಣುತ್ತಾರೆ. ಬರಿಯ ಒತ್ತಿಸಿಕೊಂಡು ಮನೆಗೆ ಬಂದು ಮತ್ತೆ ಗಾದಿಗೆ ಒರಗಿದವರು ಮುಂದಿನ ವಾರ ಮತ್ತೆ ಹೋಗುತ್ತಾರೆ. ಆರು ಸಲ ಹೋದ ಮೇಲೂ ಮನೆಯಲ್ಲಿ ಮಾಡಬೇಕಾದ ವ್ಯಾಯಾಮ ಹೇಳಿಕೊಡದ ಚಿಕಿತ್ಸಕರನ್ನು ಬದಲಿಸುವುದೇ ಒಳ್ಳೆಯದು.

2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು ಎಂಬ ಲೆಕ್ಕ ಅದರ ಹಿನ್ನೆಲೆ. ತಿಳಿವಳಿಕೆ ನೀಡುವುದು, ವ್ಯಾಯಾಮ, ಮಸಾಜ್ ಮತ್ತು ಬೆನ್ನುಮೂಳೆಯ ಕೈಚಿಕಿತ್ಸೆ, ಮನೋವೈಜ್ಞಾನಿಕ ನೆರವು ಇವೆಲ್ಲ ಅದರ ಶಿಫಾರಸಿನಲ್ಲಿವೆ. ಸೊಂಟದ ಬೆಲ್ಟ್, ಟ್ರಾಕ್ಷನ್, ಅಫೀಮು ಜಾತಿಯ ನೋವುನಿವಾರಕಗಳನ್ನು ವಾಡಿಕೆಯಾಗಿ ಕೊಡಬಾರದು ಎಂದಿದೆ. ನಮ್ಮ ಊರುಗಳಲ್ಲಿ ಹೆಚ್ಚು ಮಾರಾಟವಾಗುವುದು ಬೆಲ್ಟ್, ಹೆಚ್ಚು ಕೊಡುವುದು ಟ್ರಾಕ್ಷನ್.

ಎಚ್ಚರಿಕೆಯ ಎರಡು ಮಾತು ಇಲ್ಲೇ ಹೇಳಬೇಕು. ಕ್ಷೌರದಂಗಡಿಯಲ್ಲಿ ತಲೆ ಹಿಡಿದು ಕುತ್ತಿಗೆಯನ್ನು ಫಟ್ಟೆಂದು ತಿರುಗಿಸುವುದು ಈಗಲೂ ನಡೆಯುತ್ತದೆ. ಕುತ್ತಿಗೆಯ ಒಳಗೆ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಅಪರೂಪವಾದರೂ ಆದರೆ ಸರಿಪಡಿಸಲಾಗದ್ದು. ಅದನ್ನು ಬೇಡ ಎಂದು ಮೊದಲೇ ಹೇಳಿ ಕೂರಬೇಕು. ಎರಡನೆಯದು ಮೂಳೆ ಕಟ್ಟಿಸುವುದು. ಆಂಧ್ರದ ಪುತ್ತೂರಿನ ಕಟ್ಟು ಈ ಗಡಿಭಾಗದಲ್ಲಿ ತಲೆಮಾರುಗಳಿಂದ ಹೆಸರಾದದ್ದು, ಕೋಲಾರ ಜಿಲ್ಲೆಯಿಂದ ಜನ ಅಲ್ಲಿಗೆ ಹೋಗುತ್ತಾರೆ. ಅಲ್ಲಿನ ಲೇಪದಲ್ಲಿ ಸೊಪ್ಪಿನ ಜೊತೆ ಮೊಟ್ಟೆಯ ಬಿಳಿಯನ್ನು ಬಳಸುವ ಪದ್ಧತಿ ಇದೆ ಎಂಬುದು ನಮ್ಮವರು ತಿಳಿದಿರಬೇಕಾದ ಸಂಗತಿ. ಅದಕ್ಕಿಂತ ಮುಖ್ಯವಾಗಿ, ಕ್ಷ-ಕಿರಣ ತೆಗೆಸದೆ ಯಾವ ಪೆಟ್ಟಿಗೂ ಕಟ್ಟು ಹಾಕಿಸಬಾರದು.

ವ್ಯಾಯಾಮ: ಯಾರಿಗೆ ಯಾವುದು

ಗಾದಿಯಲ್ಲಿ ಕೂರುವವರಿಗೆ ಮೊದಲ ಔಷಧಿ ಏಳುವುದು. ಅರ್ಧ ಗಂಟೆಗೊಮ್ಮೆ ಎದ್ದು ಮೇಲಿನ ಅಟ್ಟದ ಮಾಲನ್ನು ತಾವೇ ತೆಗೆದುಕೊಟ್ಟರೂ ಸಾಕು, ಕೆಲಸದ ಹುಡುಗನಿಗೆ ಹೇಳದೆ. ಎದ್ದಾಗ ಎರಡು ಕೈಯನ್ನೂ ಸೊಂಟದ ಹಿಂದೆ ಇಟ್ಟು ಮೆಲ್ಲಗೆ ಹಿಂದಕ್ಕೆ ಐದು ಸಲ ಬಾಗಬೇಕು. ದಿನವಿಡೀ ಮುಂದಕ್ಕೆ ಬಾಗಿದ ಬೆನ್ನಿಗೆ ಇದು ಎದುರು ಚಲನೆ. ಬಾಗಿದಾಗ ನೋವು ಕಾಲಿನಿಂದ ಮೇಲಕ್ಕೆ ಸೊಂಟದ ಕಡೆಗೆ ಸರಿದರೆ ಒಳ್ಳೆಯ ಸೂಚನೆ, ಕೆಳಕ್ಕೆ ಇಳಿದರೆ ನಿಲ್ಲಿಸಿ ತೋರಿಸಬೇಕು. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ 1956ರಲ್ಲಿ ಇದನ್ನು ಆಕಸ್ಮಿಕವಾಗಿ ಗಮನಿಸಿದರು. ಅವರ ರೋಗಿಯೊಬ್ಬ ತಲೆಭಾಗ ಎತ್ತಿದ್ದ ಮಂಚದ ಮೇಲೆ ತಪ್ಪಾಗಿ ಬೋರಲು ಮಲಗಿಬಿಟ್ಟಿದ್ದ. ಬಂದು ನೋಡುವಾಗ ಕಾಲುನೋವು ಹೋಗಿತ್ತು.

ಮನೆಯಲ್ಲಿ ಬೆಳಿಗ್ಗೆ ಹತ್ತು ನಿಮಿಷ ಸಾಕು. ನಾಲ್ಕು ಕಾಲಿನ ಮೇಲೆ ನಿಂತ ಬೆಕ್ಕಿನಂತೆ ಬೆನ್ನನ್ನು ಮೇಲೆತ್ತುವುದು, ಇಳಿಸುವುದು ಹತ್ತು ಸಲ. ಅದೇ ಭಂಗಿಯಲ್ಲಿ ಒಂದು ಕೈ, ಅದರ ಎದುರು ಬದಿಯ ಕಾಲು ಚಾಚಿ ಐದು ಸೆಕೆಂಡು. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು ಹತ್ತು ಸಲ. ಕೊನೆಗೆ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಈ ಕಡೆಯದು ಸಣ್ಣದೆಂದು ಬಿಡಬಾರದು. ಮಂಡಿನೋವಿಗೆ ತೊಡೆಯ ಸ್ನಾಯುವಿನ ಬಲವೇ ಆಧಾರ. ಎತ್ತರದ ಕುರ್ಚಿಯಿಂದ ಶುರುಮಾಡಿ ವಾರ ವಾರಕ್ಕೆ ತಗ್ಗಿನದಕ್ಕೆ ಬಂದರೆ ನೆಲದ ಮೇಲೆ ಆಸನ ಹಾಕಿ ಸಾಮಾಯಿಕ ಮಾಡುವುದನ್ನು ಬಿಟ್ಟವರು ಮತ್ತೆ ಕೂರುವಂತಾಗಬಹುದು.

ರೈಲಿನವರಿಗೆ: ನಿಂತಲ್ಲೇ ಗದ್ದವನ್ನು ಹಿಂದಕ್ಕೆ ಎಳೆದು ಐದು ಸೆಕೆಂಡು, ಹೆಗಲ ಹಲಗೆಗಳನ್ನು ಹಿಂದೆ ಕೂಡಿಸಿ ಐದು ಸೆಕೆಂಡು. ಬ್ಯಾಗು ಎರಡೂ ಹೆಗಲಿಗೆ ಇರಲಿ. ಮೊಬೈಲು ಕಣ್ಣಿನ ಮಟ್ಟಕ್ಕೆ ಬರಲಿ. ಮನೆಗೆ ಬಂದು ಬಾಗಿಲ ಚೌಕಟ್ಟಿಗೆ ಎರಡೂ ಮೊಣಕೈ ಒತ್ತಿ ಎದೆಯನ್ನು ಮುಂದಕ್ಕೆ ತಂದು ಅರ್ಧ ನಿಮಿಷ ನಿಲ್ಲಬೇಕು.

ಎಲ್ಲರಿಗೂ ಸಲ್ಲುವುದು ನಡಿಗೆ. ಆಸ್ಟ್ರೇಲಿಯಾದಲ್ಲಿ ಸೊಂಟನೋವಿನಿಂದ ಈಚೆಗೆ ಚೇತರಿಸಿಕೊಂಡಿದ್ದ 701 ಜನರ ಮೇಲೆ ನಡೆದ ಅಧ್ಯಯನ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ನಡಿಗೆ ರೂಢಿಸಿಕೊಂಡವರಿಗೆ ನೋವು ಮರಳಲು ಸರಾಸರಿ 208 ದಿನ ಹಿಡಿಯಿತು, ಏನೂ ಮಾಡದವರಿಗೆ 112 ದಿನ. ಕೆ.ಜಿ.ಎಫ್. ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರದ ಊರು, ಬೆಳಗಿನ ಹವೆ ತಂಪು, ಹಳೆಯ ಗಣಿ ಬಡಾವಣೆಗಳ ರಸ್ತೆಗಳಲ್ಲಿ ಮರಗಳ ನೆರಳುಂಟು. ನಡೆಯಲು ಇದಕ್ಕಿಂತ ಒಳ್ಳೆಯ ಜಾಗ ಬೇಡ. ಆದರೆ ಸಯನೈಡ್ ದಿಬ್ಬಗಳ ಪಕ್ಕದ ದಾರಿಯನ್ನು ಗಾಳಿಯ ದಿನಗಳಲ್ಲಿ ಬಿಡಬೇಕು, ಅಲ್ಲಿಂದ ಹಾರುವ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಪಾಲಿತಾಣಕ್ಕೆ ಮೂರು ಸಾವಿರಕ್ಕೂ ಹೆಚ್ಚು. ಯಾತ್ರೆಗೆ ಎರಡು ತಿಂಗಳ ಮೊದಲೇ ಮನೆಯ ಮೆಟ್ಟಿಲಲ್ಲಿ ಅಭ್ಯಾಸ ಶುರುಮಾಡಿದವರು ಡೋಲಿ ಹಿಡಿಯಬೇಕಾಗಿ ಬರುವುದು ಕಡಿಮೆ. ಇಳಿಯುವುದನ್ನೂ ಅಭ್ಯಾಸ ಮಾಡಬೇಕು, ಮಂಡಿ ನೋಯುವುದು ಹೆಚ್ಚಾಗಿ ಇಳಿಯುವಾಗ.

ಮಾತ್ರೆ, ತೈಲ ಮತ್ತು ವ್ರತ

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಜಠರದಲ್ಲಿ ಹುಣ್ಣಾಗಬಹುದು. ಉಪವಾಸದಲ್ಲಿ ಮೈಯ ನೀರು ಕಡಿಮೆಯಾದಾಗ ಇವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನೂ ತಗ್ಗಿಸುತ್ತವೆ. ರಕ್ತದೊತ್ತಡದ ಕೆಲವು ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ಜೊತೆಗಿದ್ದರೆ ಅಪಾಯ ಇನ್ನೂ ಹೆಚ್ಚು. ಪರ್ಯೂಷಣದಲ್ಲಿ ಅಠಾಯಿ ಮಾಡುವವರು, ಒಂದು ದಿನ ಬಿಟ್ಟು ಒಂದು ದಿನ ಉಪವಾಸದ ವರ್ಷಿತಪ ಮಾಡುವವರು ಪಚ್ಚಕ್ಖಾಣ ತೆಗೆದುಕೊಳ್ಳುವ ಮೊದಲೇ ತಮ್ಮ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಬೇಕು. ಸೊಂಟನೋವಿಗೆ ಅಂಗಡಿಯಿಂದ ತಂದ ಮಾತ್ರೆಯೂ ಆ ಪಟ್ಟಿಯಲ್ಲಿರಬೇಕು. ಅದನ್ನು ಹೇಳದೆ ಬಿಡುವವರೇ ಹೆಚ್ಚು. ದೀರ್ಘ ತಪದಲ್ಲಿ ಸ್ನಾಯು ಕರಗುವುದು ಸಹಜ, ಆದ್ದರಿಂದ ಪಾರಣೆಯ ನಂತರದ ವಾರಗಳಲ್ಲಿ ಹೆಸರುಬೇಳೆ, ಹಾಲು, ಕಡಲೆಯ ಜೊತೆ ಹಗುರ ಬಲವರ್ಧನೆಯ ವ್ಯಾಯಾಮ ಬೇಕು.

“ಕೀಲಿಗೆ ಒಳ್ಳೆಯದು” ಎಂದು ಬರೆದುಕೊಡುವ ಪೂರಕಗಳನ್ನು ನಮ್ಮವರು ಲೇಬಲ್ ಓದದೆ ನುಂಗುತ್ತಿದ್ದಾರೆ. ಗ್ಲೂಕೋಸಮೈನ್ ಸಾಮಾನ್ಯವಾಗಿ ಸಿಗಡಿ, ಏಡಿಯ ಚಿಪ್ಪಿನಿಂದ ತಯಾರಾಗುತ್ತದೆ. ಕಾಂಡ್ರಾಯ್ಟಿನ್ ಮತ್ತು ಕೊಲಾಜೆನ್ ಪ್ರಾಣಿಗಳ ಮೃದ್ವಸ್ಥಿ, ಚರ್ಮದಿಂದ. ಮೆತ್ತಗಿನ ಕ್ಯಾಪ್ಸೂಲುಗಳ ಹೊದಿಕೆ ಬಹುಪಾಲು ಜೆಲಾಟಿನ್. ಇವುಗಳಿಂದ ಆಗುವ ಪ್ರಯೋಜನವೂ ಅನುಮಾನಾಸ್ಪದ, ಆದ್ದರಿಂದ ಬಿಟ್ಟರೆ ನಷ್ಟವಿಲ್ಲ. ವಿಟಮಿನ್ ಡಿ ಮತ್ತು ಬಿ12 ಮಾತ್ರ ಬೇರೆ ಲೆಕ್ಕ. ಅಂಗಡಿಯೊಳಗೇ ಹಗಲು ಕಳೆಯುವವರಲ್ಲಿ ಡಿ ಕೊರತೆ, ಹಾಲನ್ನೂ ಬಿಟ್ಟವರಲ್ಲಿ ಬಿ12 ಕೊರತೆ ಸಾಮಾನ್ಯ. ಮೈಕೈ ನೋವು, ಅಂಗಾಲು ಉರಿ, ಜುಮ್ಮೆನ್ನುವುದು ಇವುಗಳಿಂದಲೂ ಬರುತ್ತವೆ. ರಕ್ತಪರೀಕ್ಷೆ ಮಾಡಿಸಿ ಕೊರತೆ ಇದ್ದರೆ ತುಂಬಿಸಲೇಬೇಕು. ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ, ಕಲ್ಲುಹೂವಿನ ಜಾತಿಯಿಂದ ತೆಗೆದದ್ದೂ ಈಗ ಸಿಗುತ್ತದೆ. ಮಾತ್ರೆ ಅಥವಾ ಪುಡಿ ರೂಪದ್ದು ಕೇಳಿ ಪಡೆಯಬಹುದು.

ಆಯುರ್ವೇದ ತೈಲಗಳಲ್ಲೂ ನೋಡಬೇಕಾದದ್ದುಂಟು. ಮಹಾಮಾಷ ತೈಲ ಎರಡು ಬಗೆ: ಒಂದರಲ್ಲಿ ಆಡಿನ ಮಾಂಸ ಸೇರುತ್ತದೆ, ಇನ್ನೊಂದು ನಿರಾಮಿಷ. ಬಾಟಲಿಯ ಮೇಲೆ “ನಿರಾಮಿಷ” ಎಂದಿರಬೇಕು. ಲಾಕ್ಷಾದಿ ತೈಲದಲ್ಲಿ ಅರಗು ಇದೆ, ಅದು ಕೀಟಜನ್ಯ. ಔಷಧಿಯಲ್ಲೂ ಅಹಿಂಸೆ ಕಾಯಬೇಕೆಂಬ ಕಾಳಜಿ ಈ ನೆಲದಲ್ಲಿ ಹೊಸದಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ ಮದ್ಯ, ಮಾಂಸ, ಮಧು ಇಲ್ಲದೆ ವೈದ್ಯಶಾಸ್ತ್ರವನ್ನು ಕಟ್ಟಿಕೊಟ್ಟ ಗ್ರಂಥ. ಪೂಜ್ಯಪಾದರ ಹೆಸರಿನ ಪರಂಪರೆಯನ್ನು ಜಗದ್ದಳ ಸೋಮನಾಥ 12ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ.

ಕಾಯೋತ್ಸರ್ಗ

1929ರಲ್ಲಿ ಅಮೆರಿಕದ ಎಡ್ಮಂಡ್ ಜೇಕಬ್ಸನ್ ಸ್ನಾಯುಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸುವ ವಿಧಾನದ ಪುಸ್ತಕ ಪ್ರಕಟಿಸಿದರು. ಅದು ಇಂದಿಗೂ ನೋವಿನ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿದೆ. ಆಚಾರ್ಯ ಮಹಾಪ್ರಜ್ಞರು 1975ರಲ್ಲಿ ರೂಪಿಸಿದ ಪ್ರೇಕ್ಷಾಧ್ಯಾನದಲ್ಲಿ ಕಾಯೋತ್ಸರ್ಗವನ್ನು ಇಂಥದೇ ಅಭ್ಯಾಸವಾಗಿ, ಅಂಗಾಲಿನಿಂದ ನೆತ್ತಿಯವರೆಗೆ ಮನಸ್ಸನ್ನು ಹಾಯಿಸಿ ಸಡಿಲಿಸುವಂತೆ, ಕಲಿಸಲಾಗುತ್ತದೆ. ಕಾಯೋತ್ಸರ್ಗ ಮೂಲದಲ್ಲಿ ಆಭ್ಯಂತರ ತಪ, ದೇಹದ ಮಮತೆಯನ್ನು ಬಿಡುವುದು. ಅದನ್ನು ಬೆನ್ನುನೋವಿನ ಮದ್ದು ಎಂದು ಇಳಿಸಿ ಹೇಳುವುದು ಸರಿಯಲ್ಲ. ಆದರೂ ಶ್ವಾಸ ಎಣಿಸುತ್ತ ನಿಂತಾಗ ಹೆಗಲು ತಾನೇ ಇಳಿಯುವುದು, ದವಡೆ ಸಡಿಲವಾಗುವುದು ಅನುಭವದ ಮಾತು. 48 ನಿಮಿಷದ ಸಾಮಾಯಿಕದಲ್ಲಿ ಒಂದೇ ಸಮ ಕೂರಲಾಗದವರು ನಡುವೆ ನಿಂತು ಕಾಯೋತ್ಸರ್ಗ ಮಾಡಬಹುದು. ಪ್ರತಿಕ್ರಮಣದಲ್ಲಂತೂ ಏಳುವುದು, ಬಾಗುವುದು, ಕೂರುವುದು ವಿಧಿಯಲ್ಲೇ ಇದೆ. ಮಂಡಿಯ ಕಷ್ಟದಿಂದ ಕುರ್ಚಿ ಬೇಕಾದವರು ಗುರುಗಳನ್ನು ಕೇಳಿಕೊಳ್ಳಬಹುದು.

ವಿಹಾರದಲ್ಲಿರುವ ಸಾಧು-ಸಾಧ್ವಿಯರು

ಬೆಂಗಳೂರು-ಚೆನ್ನೈ ನಡುವೆ ವಿಹಾರ ಮಾಡುವ ಸಾಧು-ಸಾಧ್ವಿಯರು ಕೋಲಾರ ಜಿಲ್ಲೆಯ ದಾರಿಯಲ್ಲಿ ಹಾದುಹೋಗುತ್ತಾರೆ. ಬರಿಗಾಲು, ಡಾಂಬರು ರಸ್ತೆ, ಹೆಗಲ ಮೇಲೆ ಉಪಕರಣ. ಹಿಮ್ಮಡಿ ನೋವು, ಮೀನಖಂಡದ ಸೆಳೆತ, ಸೊಂಟನೋವು ಇವರಿಗೆ ಸಾಮಾನ್ಯ. ವಾಹನ ಹತ್ತಲಾಗದ ಇವರಿಗೆ ಹಿಮ್ಮಡಿ ನೋವು ಎಂದರೆ ಚಾತುರ್ಮಾಸದ ಸ್ಥಳಕ್ಕೆ ಹೊತ್ತಿಗೆ ತಲುಪುವ ಪ್ರಶ್ನೆ.

ಆಸ್ಪತ್ರೆಯ ವಾಡಿಕೆಯ ಉಪಚಾರ ಇವರಿಗೆ ಸಲ್ಲುವುದಿಲ್ಲ. ವಿದ್ಯುತ್ ಯಂತ್ರವನ್ನು ಹಲವು ಸಂಪ್ರದಾಯಗಳಲ್ಲಿ ಒಪ್ಪುವುದಿಲ್ಲ. ಮಂಜುಗಡ್ಡೆ ಸಚಿತ್ತ ಜಲ. ದಿಗಂಬರ ಮುನಿಗಳು ದಿನಕ್ಕೆ ಒಂದೇ ಬಾರಿ ಆಹಾರ-ನೀರು ಸ್ವೀಕರಿಸುವುದರಿಂದ ಎರಡು ಹೊತ್ತಿನ ಮಾತ್ರೆ ಬರೆದುಕೊಟ್ಟರೆ ಉಪಯೋಗವಿಲ್ಲ. ಉಳಿಯುವುದು ಕಾದಾರಿದ ನೀರಿನ ಶಾಖ, ಕೈ, ವ್ಯಾಯಾಮ. ಗೃಹಸ್ಥರು ಮಾಡುವ ಪಾದಸೇವೆ ವೈಯಾವೃತ್ಯದ ಭಾಗವೇ. ಅದನ್ನು ತಿಳಿದು ಮಾಡಬೇಕು ಅಷ್ಟೆ. ಸಾಧುಗಳಿಗೆ ಪುರುಷರೇ, ಸಾಧ್ವಿಯರಿಗೆ ಸ್ತ್ರೀಯರೇ ಚಿಕಿತ್ಸೆ ಮಾಡಬೇಕು. ಸಂಘದವರು ಫಿಸಿಯೋಥೆರಪಿಸ್ಟರನ್ನು ಕರೆತರುವಾಗ ಇದನ್ನು ಮೊದಲೇ ಹೇಳಬೇಕು, ಬಂದ ಮೇಲೆ ಮುಜುಗರ ಬೇಡ. ಎಣ್ಣೆ ಬಳಸಬಹುದೇ ಎಂಬುದನ್ನು ಆಯಾ ಗುರುಗಳನ್ನೇ ಕೇಳಬೇಕು.

ಬೆಳಿಗ್ಗೆ ಮೊದಲ ಹೆಜ್ಜೆಯಲ್ಲಿ ಹಿಮ್ಮಡಿ ಚುಚ್ಚುವ ನೋವಿಗೆ ಒಂದು ಸರಳ ವ್ಯಾಯಾಮ ಇದೆ. ಮೆಟ್ಟಿಲಿನ ಅಂಚಿನಲ್ಲಿ ನಿಂತು, ಸುರುಳಿ ಸುತ್ತಿದ ವಸ್ತ್ರವನ್ನು ಕಾಲ್ಬೆರಳುಗಳ ಕೆಳಗಿಟ್ಟು, ಗೋಡೆ ಹಿಡಿದು ಹಿಮ್ಮಡಿಯನ್ನು ಮೂರು ಸೆಕೆಂಡಿನಲ್ಲಿ ಎತ್ತಿ, ಎರಡು ಸೆಕೆಂಡು ತಡೆದು, ಮೂರು ಸೆಕೆಂಡಿನಲ್ಲಿ ಇಳಿಸುವುದು. ಹನ್ನೆರಡು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಮೂರು ತಿಂಗಳು ಬಿಡದೆ ಮಾಡಬೇಕು. ಯಂತ್ರ ಬೇಡ, ಔಷಧಿ ಬೇಡ, ಯಾವ ಜೀವಕ್ಕೂ ಬಾಧೆಯಿಲ್ಲ.

ಕೋಲಾರದ ನೀರು

ಈ ಜಿಲ್ಲೆಯಲ್ಲಿ ಮೈಬಿಗಿತಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಮರೆತರೆ ಎಷ್ಟು ಮಸಾಜ್ ಮಾಡಿಸಿದರೂ ಫಲವಿಲ್ಲ. ಕೋಲಾರ ಜಿಲ್ಲೆಯ ಆಳದ ಕೊಳವೆಬಾವಿಗಳಲ್ಲಿ ಹಲವೆಡೆ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ವರ್ಷಗಟ್ಟಲೆ ಹೆಚ್ಚಿನದನ್ನು ಕುಡಿದರೆ ಬೆನ್ನು, ಕುತ್ತಿಗೆ, ಕೀಲುಗಳು ಬಿಗಿಯುತ್ತವೆ, ಮೂಳೆ ದಪ್ಪವಾಗಿ ಪೆಡಸಾಗುತ್ತದೆ. ಹಲ್ಲಿನ ಮೇಲೆ ಕಂದು ಕಲೆ ಒಂದು ಗುರುತು. ಇಂಥ ಬೆನ್ನನ್ನು ಜೋರಾಗಿ ತಿರುಗಿಸಿ ಚಿಕಿತ್ಸೆ ಮಾಡುವುದು ಅಪಾಯ.

ನಮ್ಮ ಮನೆಗಳಲ್ಲಿ ನೀರನ್ನು ಸೋಸಿ, ಕುದಿಸಿ ಕುಡಿಯುವ ನಿಯಮವಿದೆ. ಜೀವದಯೆಗೆ, ಸೋಂಕು ತಡೆಯಲು ಅದು ಸರಿ. ಆದರೆ ಬಟ್ಟೆಯಲ್ಲಿ ಸೋಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾದಷ್ಟು ಉಳಿದದ್ದರಲ್ಲಿ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆ. ಮನೆಯ, ಸ್ಥಾನಕದ, ಧರ್ಮಶಾಲೆಯ ಕೊಳವೆಬಾವಿಯ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಹೆಚ್ಚಿದ್ದರೆ ಮಳೆನೀರು ಅಥವಾ ಶುದ್ಧೀಕರಿಸಿದ ನೀರಿಗೆ ಬದಲಾಗಿ, ಆಮೇಲೆ ಎಂದಿನಂತೆ ಕುದಿಸಬೇಕು.

ಯಾವಾಗ ಕೈ ಹಾಕಿಸಬಾರದು, ಎಲ್ಲಿಗೆ ಹೋಗಬೇಕು

ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯದಾದರೆ, ಪಾದ ಜೋತುಬಿದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಮಾರನೆಯ ದಿನವಲ್ಲ. ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ಬಿಡದ ಬೆನ್ನುನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಅಥವಾ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಲೇಬಾರದು. ಎಡಭುಜದ ನೋವಿನ ಜೊತೆ ಬೆವರು, ಎದೆ ಬಿಗಿತ ಇದ್ದರೆ ಅದು ಹೃದಯದ್ದು ಎಂದೇ ತಿಳಿದು ಓಡಬೇಕು. ಮೆಟ್ಟಿಲಿಂದ ಬಿದ್ದ ಅಜ್ಜಿಯಂದಿರ ಬೆನ್ನನ್ನು ಕ್ಷ-ಕಿರಣ ನೋಡದೆ ಮುಟ್ಟಬಾರದು. ಸಕ್ಕರೆ ಕಾಯಿಲೆಯಿಂದ ಅಂಗಾಲು ಮರಗಟ್ಟಿದವರು ಬಿಸಿನೀರಿನ ಚೀಲ ಇಟ್ಟುಕೊಳ್ಳಬಾರದು, ಸುಟ್ಟದ್ದು ತಿಳಿಯುವುದಿಲ್ಲ.

ಮೊದಲ ಪರೀಕ್ಷೆಗೆ ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆ, ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಹತ್ತಿರದವು. ರೈಲು ಹತ್ತಿದರೆ ಬೆಂಗಳೂರಿನ ವಸಂತನಗರದ ಭಗವಾನ್ ಮಹಾವೀರ ಜೈನ್ ಆಸ್ಪತ್ರೆ. ರಾಜ್ಯದ ಬೇರೆ ಕಡೆಯ ಓದುಗರಿಗೆ ಧಾರವಾಡದ ಎಸ್.ಡಿ.ಎಂ. ಆಸ್ಪತ್ರೆ ಮತ್ತು ಅದರ ಫಿಸಿಯೋಥೆರಪಿ ಕಾಲೇಜು, ಧರ್ಮಸ್ಥಳ ಸಮೀಪದ ಶಾಂತಿವನ ಪ್ರಕೃತಿ ಚಿಕಿತ್ಸಾಲಯ ಪರಿಚಿತ. ಫಿಸಿಯೋಥೆರಪಿಗೆ ನಾಲ್ಕು ವರ್ಷಕ್ಕೂ ಹೆಚ್ಚಿನ ಪದವಿ ಇದೆ, 2021ರ ಕೇಂದ್ರ ಕಾಯ್ದೆ ಈ ವೃತ್ತಿಯನ್ನು ನೋಂದಣಿಯ ವ್ಯಾಪ್ತಿಗೆ ತಂದಿದೆ. ಮನೆಗೆ ಬರುವ ಚಿಕಿತ್ಸಕರ ಪದವಿಯನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಸಂಘಗಳು ನಡೆಸುವ ಉಚಿತ ಆರೋಗ್ಯ ಶಿಬಿರಗಳಲ್ಲಿ ಹತ್ತು ದಿನದ ನೋವಿನ ಮಾತ್ರೆ ಹಂಚುವ ಬದಲು ಇಬ್ಬರು ಫಿಸಿಯೋಥೆರಪಿಸ್ಟರನ್ನು ಕೂರಿಸಿ, ಒಬ್ಬೊಬ್ಬರಿಗೆ ಹದಿನೈದು ನಿಮಿಷ ಕೊಟ್ಟು, ಎರಡು ವ್ಯಾಯಾಮ ಮಾಡಿಸಿ ಕಳಿಸಿದರೆ ಖರ್ಚೂ ಕಡಿಮೆ. ಕೆ.ಜಿ.ಎಫ್.ನಲ್ಲಿ ಆ ಕಾಗದವನ್ನು ಕನ್ನಡದ ಜೊತೆ ತಮಿಳು, ತೆಲುಗಿನಲ್ಲೂ ಅಚ್ಚು ಹಾಕಿಸಬೇಕಾಗುತ್ತದೆ.